ಹಳೆಯ ಅಂಬಾಸಿಡರ್ ಕಾರಿನ ಎಂಜಿನ್: ಅಳತೆಗಳೂ ಕಾಯಿಲೆಗಳೂ

ಪ್ರೌಢಶಾಲೆಯ ವಿಜ್ಞಾನ ಪಾಠದಲ್ಲಿ ಅಂತರ್ದಹನ ಎಂಜಿನ್ ಎಂಬುದು ಬಹುಮಟ್ಟಿಗೆ ನಾಲ್ಕು ಚಿತ್ರಗಳಲ್ಲಿ ಮುಗಿದುಹೋಗುತ್ತದೆ. ಹೀರಿಕೆ, ಸಂಪೀಡನ, ದಹನ, ಹೊರಹಾಕುವಿಕೆ ಎಂದು ವಿದ್ಯಾರ್ಥಿಯು ಒಪ್ಪಿಸುತ್ತಾನೆ. ಆದರೆ ಶಾಲೆಯ ಎದುರಿಗೆ ಬಾನೆಟ್ ತೆರೆದು ನಿಂತ ಕಾರನ್ನು ತೋರಿಸಿ, ಆ ನಾಲ್ಕು ಕ್ರಿಯೆಗಳು ಇಲ್ಲಿ ಎಲ್ಲಿ ನಡೆಯುತ್ತವೆ ಎಂದು ಕೇಳಿದರೆ ಸುಮ್ಮನಾಗುತ್ತಾನೆ. ಇಂದಿನ ಕಾರುಗಳಿಂದ ಈ ಮೌನವನ್ನು ಮುರಿಯಲಾಗದು. ಅವುಗಳ ಎಂಜಿನ್ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಅಡಗಿರುತ್ತದೆ, ದೋಷವನ್ನು ಹುಡುಕುವ ಕೆಲಸವನ್ನು ಕಂಪ್ಯೂಟರು ವಹಿಸಿಕೊಂಡಿದೆ. ಹಳೆಯ ಅಂಬಾಸಿಡರ್ ಹಾಗಲ್ಲ. ಅದರಲ್ಲಿ ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣುತ್ತದೆ, ಪ್ರತಿಯೊಂದು ಕಾಯಿಲೆಗೂ ಭೌತಶಾಸ್ತ್ರದ ಒಂದು ಕಾರಣವಿದೆ.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಕಾರನ್ನು ಆಧರಿಸಿ, ಹಿಂದೂಸ್ಥಾನ್ ಮೋಟಾರ್ಸ್ ಸಂಸ್ಥೆಯು ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ಈ ಕಾರನ್ನು ತಯಾರಿಸಿತು. ಮೊದಲಿಗೆ ಕವಾಟಗಳು ಸಿಲಿಂಡರಿನ ಪಕ್ಕದಲ್ಲಿದ್ದ ಎಂಜಿನ್ ಇತ್ತು. ಸ್ವಲ್ಪ ಕಾಲದಲ್ಲೇ ಕವಾಟಗಳು ತಲೆಯ ಮೇಲಿರುವ 1489 ಸಿ.ಸಿ. ಎಂಜಿನ್ ಬಂದು ದಶಕಗಳ ಕಾಲ ಉಳಿಯಿತು. ಇಲ್ಲಿ ವಿವರಿಸುವುದು ಈ ಎರಡನೆಯದನ್ನು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ 'ಬಿ' ಶ್ರೇಣಿಗೆ ಸೇರಿದ ಇದೇ ಎಂಜಿನ್ 1955ರ ಎಂ.ಜಿ.ಎ. ಎಂಬ ಕ್ರೀಡಾಕಾರಿನಲ್ಲಿಯೂ ಇತ್ತು. ಅಲ್ಲಿ ಎರಡು ಕಾರ್ಬುರೇಟರುಗಳನ್ನು ಜೋಡಿಸಿ, ಸಂಪೀಡನವನ್ನು ಹೆಚ್ಚಿಸಿ, 70 ಅಶ್ವಶಕ್ತಿಯ ಆಸುಪಾಸಿಗೆ ಒಯ್ದಿದ್ದರು. ನಮ್ಮ ಟ್ಯಾಕ್ಸಿಗಳಲ್ಲಿ ಅದು ಸುಮಾರು 50ರಲ್ಲಿ ತೃಪ್ತವಾಗಿತ್ತು.

'1489' ಎಂಬ ಸಂಖ್ಯೆಯನ್ನು ವಿದ್ಯಾರ್ಥಿಗಳಿಂದಲೇ ಲೆಕ್ಕ ಹಾಕಿಸಬೇಕು. ಸಿಲಿಂಡರಿನ ವ್ಯಾಸ 73.025 ಮಿ.ಮೀ., ಪಿಸ್ಟನ್ನಿನ ಚಲನೆಯ ಉದ್ದ 88.9 ಮಿ.ಮೀ. ಉರುಳೆಯ ಘನಫಲದ ಸೂತ್ರದಿಂದ ಒಂದು ಸಿಲಿಂಡರಿಗೆ 372.3 ಘನ ಸೆಂಟಿಮೀಟರ್ ಬರುತ್ತದೆ, ನಾಲ್ಕಕ್ಕೆ 1489. ಈ ವಿಚಿತ್ರ ದಶಮಾಂಶಗಳು ಏಕೆ ಎಂದು ಯಾರಾದರೂ ಕೇಳಿದರೆ ಸಂತೋಷಪಡಿ: ಮೂಲದ ಅಳತೆಗಳು ಅಂಗುಲದಲ್ಲಿವೆ, ಎರಡೂ ಏಳನೆಂಟರಷ್ಟು ವ್ಯಾಸ, ಮೂರೂವರೆ ಅಂಗುಲದ ಚಲನೆ. ಸಂಪೀಡನ ಅನುಪಾತವನ್ನು 7.2 ಎಂದು ಇಟ್ಟುಕೊಂಡರೆ, ಪಿಸ್ಟನ್ ಮೇಲಕ್ಕೆ ಬಂದಾಗ ಉಳಿಯುವ ಜಾಗ ಬರಿಯ 60 ಘನ ಸೆಂಟಿಮೀಟರ್. ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿ ಸಿಲಿಂಡರಿನಲ್ಲಿ ಸೆಕೆಂಡಿಗೆ 25 ದಹನಗಳು, ಒಟ್ಟು 100 ಕಿಡಿಗಳು. ಕಿಡಿಯ ಸರದಿ 1-3-4-2.

ಕವಾಟಗಳು ಎಂಟು; ಅವುಗಳಿಗೆ ತಲೆಯಿಂದ ಹೊರಬರುವ ದ್ವಾರಗಳು ಐದೇ. ಒಂದು-ಎರಡು, ಮೂರು-ನಾಲ್ಕು ಸಿಲಿಂಡರುಗಳು ಹೀರಿಕೆಯ ದ್ವಾರವನ್ನು ಹಂಚಿಕೊಂಡಿವೆ; ನಡುವಿನ ಎರಡು ಹೊಗೆಯ ದ್ವಾರವನ್ನು ಹಂಚಿಕೊಂಡಿವೆ. ಈ ಐದೂ ಎಂಜಿನ್ನಿನ ಒಂದೇ ಬದಿಯಲ್ಲಿವೆ. ಆದುದರಿಂದ ಕೆಂಡದಂತೆ ಕಾಯುವ ಹೊಗೆಕೊಳವೆಯ ಪಕ್ಕದಲ್ಲಿಯೇ ಕಾರ್ಬುರೇಟರ್ ಕುಳಿತಿರುತ್ತದೆ. ಚಳಿದೇಶದಲ್ಲಿ ಇದು ವರವೇ ಸರಿ, ಪೆಟ್ರೋಲು ಬೇಗ ಆವಿಯಾಗುತ್ತದೆ. ಏಪ್ರಿಲ್ ತಿಂಗಳ ಆದವಾನಿಯಲ್ಲಿ ಅಥವಾ ಸೊಲ್ಲಾಪುರದಲ್ಲಿ ಇದೇ ತೊಂದರೆಯ ಮೂಲ.

ಆ ತೊಂದರೆಯನ್ನು ಗ್ಯಾರೇಜಿನವರು 'ಏರ್ ಲಾಕ್' ಎನ್ನುವುದುಂಟು. ವಾಸ್ತವವಾಗಿ ಅದು ಗಾಳಿಯಲ್ಲ, ಪೆಟ್ರೋಲಿನದೇ ಆವಿ. ಎಂಜಿನ್ನಿಗೆ ಅಂಟಿಕೊಂಡ ಯಾಂತ್ರಿಕ ಪಂಪು ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಹೀರುವಾಗ ಕೊಳವೆಯೊಳಗಿನ ಒತ್ತಡ ಕಡಿಮೆಯಾಗುತ್ತದೆ. ಒತ್ತಡ ಇಳಿದರೆ ದ್ರವದ ಕುದಿಬಿಂದುವೂ ಇಳಿಯುತ್ತದೆ. ಬಿಸಿಯೂ ಸೇರಿದಾಗ ಪೆಟ್ರೋಲು ಕೊಳವೆಯಲ್ಲೇ ಕುದಿದು ಗುಳ್ಳೆಯಾಗುತ್ತದೆ. ದ್ರವವನ್ನು ತಳ್ಳಲು ರಚಿತವಾದ ಪಂಪು ಆವಿಯನ್ನು ಹಿಂಡುತ್ತಾ ನಿಲ್ಲುತ್ತದೆ, ಕಾರೂ ನಿಲ್ಲುತ್ತದೆ. ಬಣ್ಣಾರಿಯಿಂದ ತಾಳವಾಡಿಗೆ ಹೋಗುವ ದಿಂಬಂ ಘಟ್ಟದ 27 ತಿರುವುಗಳಲ್ಲಿ ಹೀಗೆ ನಿಂತ ಟ್ಯಾಕ್ಸಿಯೊಂದರಲ್ಲಿ ನಾನೂ ಇದ್ದೆ. ಚಾಲಕರು ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ ಕಾಲು ಗಂಟೆ ಕಾದರು, ಕಾರು ಹೊರಟಿತು. ಆವೀಕರಣದಿಂದ ತಂಪಾಗುವುದನ್ನು ನಾವು ಮಣ್ಣಿನ ಹೂಜಿಯ ಉದಾಹರಣೆಯಿಂದ ಹೇಳಿಕೊಡುತ್ತೇವೆ. ಅವರು ಅದನ್ನೇ ರಸ್ತೆಯ ಮೇಲೆ ಮಾಡಿದ್ದರು.

ಇದಕ್ಕಿಂತ ಗಂಭೀರವಾದುದು ನೀರು ಕುದಿಯುವುದು. ಉದಕಮಂಡಲದಂತಹ, ಸುಮಾರು 2240 ಮೀಟರ್ ಎತ್ತರದ ಊರಿನಲ್ಲಿ ತೆರೆದ ಪಾತ್ರೆಯ ನೀರು 92–93 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳವು ಸ್ಪ್ರಿಂಗಿನ ಬಲದಿಂದ ಒತ್ತಡವನ್ನು ಹಿಡಿದಿಟ್ಟು ಈ ಬಿಂದುವನ್ನು ಮೇಲಕ್ಕೇರಿಸುತ್ತದೆ. ಸಮುದ್ರಮಟ್ಟದಲ್ಲಿ ಅರ್ಧ ವಾತಾವರಣದಷ್ಟು ಒತ್ತಡ ಹೆಚ್ಚಾದರೆ ನೀರು ಕುದಿಯುವುದು ಸುಮಾರು 111 ಡಿಗ್ರಿಯಲ್ಲಿ. ಪ್ರೆಷರ್ ಕುಕ್ಕರಿನ ತತ್ತ್ವವೇ ಇದು. ಕಾದ ಎಂಜಿನ್ನಿನ ಮುಚ್ಚಳವನ್ನು ತಿರುವಿದೊಡನೆ ಒತ್ತಡ ಕುಸಿದು, ಅದುವರೆಗೆ ಶಾಂತವಾಗಿದ್ದ ನೀರು ಒಮ್ಮೆಲೇ ಕುದಿದು ಚಿಮ್ಮುತ್ತದೆ. ಮುಂಗೈಯಿಂದ ಮೊಳಕೈಯವರೆಗೆ ಸುಟ್ಟ ಕಲೆಯುಳ್ಳ ಚಾಲಕರು ಬಹುತೇಕ ಪ್ರತಿ ಟ್ಯಾಕ್ಸಿ ನಿಲ್ದಾಣದಲ್ಲಿದ್ದರು. ಈ ಒಂದು ಮಾತನ್ನು ಪರೀಕ್ಷೆಗೆ ಬರಲಿ, ಬರದಿರಲಿ, ಮಕ್ಕಳಿಗೆ ಹೇಳಲೇಬೇಕು.

ಎಂಜಿನ್ ಪದೇಪದೇ ಕಾದರೆ ತಲೆ ಮತ್ತು ಬ್ಲಾಕಿನ ನಡುವಣ ಗ್ಯಾಸ್ಕೆಟ್ ಸುಡುತ್ತದೆ. ಇಲ್ಲಿ ದೋಷ ಹುಡುಕುವ ಕ್ರಮವು ತರ್ಕಶಾಸ್ತ್ರದ ಒಳ್ಳೆಯ ಪಾಠ. ಪ್ಲಗ್ಗುಗಳನ್ನು ಬಿಚ್ಚಿ ಪ್ರತಿ ಸಿಲಿಂಡರಿನ ಒತ್ತಡವನ್ನು ಮಾಪಕದಿಂದ ಅಳೆಯುತ್ತಾರೆ. ಅಕ್ಕಪಕ್ಕದ ಎರಡರಲ್ಲಿ ಒತ್ತಡ ಕಡಿಮೆಯಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಹೋಗಿದೆಯೆಂಬ ಶಂಕೆ. ಒಂದರಲ್ಲಿ ಮಾತ್ರ ಕಡಿಮೆಯಿದ್ದರೆ ಪ್ಲಗ್ಗಿನ ರಂಧ್ರದಿಂದ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆಯುತ್ತಾರೆ. ಒತ್ತಡ ಏರಿದರೆ ಸವೆದದ್ದು ಪಿಸ್ಟನ್ ರಿಂಗು, ಏಕೆಂದರೆ ಎಣ್ಣೆಯು ಆ ಸಂದನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ; ಏರದಿದ್ದರೆ ಸೋರುತ್ತಿರುವುದು ಕವಾಟ. ಹೊಗೆಯ ಬಣ್ಣವೂ ಸಾಕ್ಷಿ ನುಡಿಯುತ್ತದೆ: ನೀಲಿ ಹೊಗೆ ಎಣ್ಣೆ ಉರಿಯುವುದರಿಂದ, ಕಪ್ಪು ಹೊಗೆ ಪೆಟ್ರೋಲು ಹೆಚ್ಚಾದುದರಿಂದ. ಕಾದ ಎಂಜಿನ್ನಿನಲ್ಲಿಯೂ ಬಿಳಿಯ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಹೋಗುತ್ತಿದೆ.

'ಮಿಸ್ಸಿಂಗ್' ಎಂದು ಕರೆಯುವ ಮುಗ್ಗರಿಕೆಗೆ ಹೆಚ್ಚಾಗಿ ಕಿಡಿಯ ಏರ್ಪಾಡೇ ಕಾರಣ. ಗ್ಯಾರೇಜಿನ ಭಾಷೆಯಲ್ಲಿ 'ಡೆಲ್ಕೊ' ಎನಿಸಿಕೊಂಡ ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳು ತೆರೆದ ಕ್ಷಣದಲ್ಲಿ ಕಾಯಿಲಿನ ಪ್ರವಾಹ ಕಡಿದು, ಬ್ಯಾಟರಿಯ 12 ವೋಲ್ಟಿನಿಂದ ಸಾವಿರಾರು ವೋಲ್ಟುಗಳು ಪ್ರೇರಿತವಾಗುತ್ತವೆ. ಪಾಯಿಂಟುಗಳ ಅಂತರ 0.4 ಮಿ.ಮೀ. ಆಸುಪಾಸಿನಲ್ಲಿರಬೇಕು. ಕಂಡೆನ್ಸರ್ ಕೆಟ್ಟರೆ ಅವು ಬೇಗ ಸುಟ್ಟು ಕಪ್ಪಾಗುತ್ತವೆ. ಫ್ಯಾರಡೆಯ ನಿಯಮಕ್ಕೆ ಇದಕ್ಕಿಂತ ಮನೆಹತ್ತಿರದ ನಿದರ್ಶನ ನನಗೆ ತಿಳಿಯದು.

ಇನ್ನು ಎಣ್ಣೆ ಸೋರುವುದು. ಈ ಕಾರು ನಿಂತಲ್ಲೆಲ್ಲ ನೆಲದ ಮೇಲೆ ಒಂದು ಕಪ್ಪು ಬೊಟ್ಟು ಬೀಳುತ್ತಿತ್ತು. ಕ್ರ್ಯಾಂಕ್ ದಂಡದ ಹಿಂತುದಿಯಲ್ಲಿ ರಬ್ಬರಿನ ಸೀಲು ಇರಲಿಲ್ಲ. ದಂಡದ ಮೇಲೆ ಕೊರೆದ ಸುರುಳಿಯೇ ಎಣ್ಣೆಯನ್ನು ಒಳಕ್ಕೆ ತಿರುಗಿಸಬೇಕಿತ್ತು. ತಿರುಗುತ್ತಿರುವಷ್ಟು ಹೊತ್ತು ಸರಿ. ನಿಂತ ಮೇಲೆ, ಅದರಲ್ಲೂ ಬೇರಿಂಗುಗಳು ಸವೆದ ಮೇಲೆ, ಎಣ್ಣೆ ಹೊರಬರುತ್ತಿತ್ತು. ಅದು ಕ್ಲಚ್ಚಿಗೆ ತಾಗಿದರೆ ಏರಿನಲ್ಲಿ ಎಂಜಿನ್ ಗರ್ಜಿಸಿದರೂ ಕಾರು ಮುಂದುವರಿಯದು.

ಪದಗಳ ವಿಷಯದಲ್ಲಿ ಒಂದು ಮಾತು. ನಮ್ಮ ಶಾಲೆಗಳಿಂದ ಐ.ಟಿ.ಐ.ಗೆ ಹೋಗುವ ಮಗುವಿಗೆ ಅಲ್ಲಿನ ಬೋಧನೆ ಮರಾಠಿಯಲ್ಲಿಯೋ ತಮಿಳಿನಲ್ಲಿಯೋ ತೆಲುಗಿನಲ್ಲಿಯೋ ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತದೆ. ಕನ್ನಡದಲ್ಲಿ ಓದಿದ್ದು ವ್ಯರ್ಥವಾಯಿತೆಂದು ಅದು ಮೊದಲ ವಾರದಲ್ಲೇ ಅಂದುಕೊಂಡರೆ ತಪ್ಪು ನಮ್ಮದು. ಪಿಸ್ಟನ್, ಗ್ಯಾಸ್ಕೆಟ್, ಟ್ಯಾಪೆಟ್, ಪ್ಲಗ್ ಎಂಬ ಹೆಸರುಗಳು ಕಾಸರಗೋಡಿನಿಂದ ಅಕ್ಕಲಕೋಟೆಯವರೆಗೆ ಎಲ್ಲ ಗ್ಯಾರೇಜುಗಳಲ್ಲಿಯೂ ಒಂದೇ. ಅವನ್ನು ಹಾಗೆಯೇ ಬಳಸಬೇಕು. ಒತ್ತಡ, ಆವೀಕರಣ, ಪ್ರೇರಣೆ ಎಂಬ ಕಾರಣಗಳನ್ನು ಮಾತ್ರ ಕನ್ನಡದಲ್ಲಿ ಗಟ್ಟಿಯಾಗಿ ಕಲಿಸಬೇಕು. ಕಾರಣ ತಿಳಿದವನಿಗೆ ಹೆಸರು ಬದಲಾದರೂ ಗೊಂದಲವಾಗದು.

ಪ್ರದರ್ಶನಕ್ಕೆ ಕೆಟ್ಟುನಿಂತ ಎಂಜಿನ್ನೇ ಲೇಸು. ಪೆಟ್ರೋಲನ್ನು ಪೂರ್ತಿ ಬರಿದುಮಾಡಿಸಿ, ಬ್ಯಾಟರಿ ತೆಗೆಸಿ, ಪ್ಲಗ್ಗುಗಳನ್ನು ಬಿಚ್ಚಿ ಕೈಯಿಂದ ತಿರುಗಿಸಿದರೆ ನಾಲ್ಕು ಕ್ರಿಯೆಗಳೂ ನಿಧಾನವಾಗಿ ಕಾಣುತ್ತವೆ. ಓಡುವ ಎಂಜಿನ್ನನ್ನು ತೋರಿಸುವುದಾದರೆ ಬಯಲಿನಲ್ಲೇ ತೋರಿಸಬೇಕು. ಮುಚ್ಚಿದ ಕೊಠಡಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತದೆ. ಮಕ್ಕಳನ್ನು ಪಂಕದಿಂದಲೂ ಬೆಲ್ಟಿನಿಂದಲೂ ದೂರ ನಿಲ್ಲಿಸಿ, ಸೀರೆಯ ಸೆರಗನ್ನೂ ಶಾಲನ್ನೂ ಮೊದಲೇ ಬಿಗಿದುಕೊಳ್ಳಬೇಕು.