ಸ್ಟೆಂಟ್ ಇದ್ದವರು ತಾರೀಖು ಮರೆಯಬಾರದು

ಮೂತ್ರಪಿಂಡದ ಕಲ್ಲಿನ ಚಿಕಿತ್ಸೆಗೆಂದು ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗಿ, ಹೇರೂರಿನಂಥ ಊರಿಗೆ ಮರಳಿದವರಿಗೆ ಒಂದು ಅನುಮಾನ ಕಾಡತೊಡಗುತ್ತದೆ. 'ಕಲ್ಲು ಹೋಯಿತು ಎಂದರು. ಆದರೂ ಮೂತ್ರ ಮಾಡುವಾಗ ಪಕ್ಕೆಯಲ್ಲಿ ನೋವೇಕೆ? ಬಣ್ಣ ಕೆಂಪೇಕೆ?' ಹೆಚ್ಚಿನವರಲ್ಲಿ ಇದಕ್ಕೆ ಕಾರಣ ಉಳಿದ ಕಲ್ಲಲ್ಲ. ವೈದ್ಯರು ಒಳಗೆ ಇಟ್ಟು ಕಳಿಸಿದ ಸ್ಟೆಂಟ್.

ಏನಿದು ಸ್ಟೆಂಟ್?

ಮೂತ್ರಪಿಂಡದಿಂದ ಮೂತ್ರಾಶಯಕ್ಕೆ ಬರುವ ಮೂತ್ರನಾಳ ಸುಮಾರು 25 ಸೆಂ.ಮೀ. ಉದ್ದದ, ಬಹಳ ಕಿರಿದಾದ ಕೊಳವೆ. ಕಲ್ಲು ಒಡೆದು ತೆಗೆದ ಮೇಲೆ ಅದು ಬಾತುಕೊಳ್ಳಬಹುದು. ಉಳಿದ ಚೂರುಗಳು ಸಿಕ್ಕಿಕೊಳ್ಳಬಹುದು. ಆಗ ಮೂತ್ರ ಕಟ್ಟದಿರಲೆಂದು ಒಳಗೆ ತೆಳುವಾದ ಮೃದು ನಳಿಕೆಯನ್ನು ಇಡುತ್ತಾರೆ. ಜಾರದಂತೆ ಅದರ ಎರಡೂ ತುದಿಗಳು ಸುರುಳಿಯಾಗಿರುತ್ತವೆ. ಇದಕ್ಕೇ 'ಡಬಲ್ ಜೆ' ಅಥವಾ ಡಿ.ಜೆ. ಸ್ಟೆಂಟ್ ಎಂದು ಹೆಸರು.

ತೊಂದರೆ ಏಕೆ?

ಕೆಳಗಿನ ಸುರುಳಿ ಮೂತ್ರಾಶಯದ ಗೋಡೆಗೆ ಉಜ್ಜುತ್ತದೆ. ಹೀಗಾಗಿ ಪದೇ ಪದೇ ಮೂತ್ರಕ್ಕೆ ಅವಸರ, ಉರಿ. ಮೂತ್ರ ಮಾಡುವಾಗ ಸ್ವಲ್ಪ ಮೂತ್ರ ನಳಿಕೆಯ ಮೂಲಕ ಮೇಲಕ್ಕೆ ನುಗ್ಗುವುದರಿಂದ ಪಕ್ಕೆನೋವು. ಗುಂಡಿ ಬಿದ್ದ ರಸ್ತೆಯಲ್ಲಿ ಬಸ್ ಪ್ರಯಾಣ ಮಾಡಿದರೆ, ತೋಟದಲ್ಲಿ ಭಾರ ಹೊತ್ತರೆ ಮೂತ್ರ ಇನ್ನಷ್ಟು ಕೆಂಪಾಗಬಹುದು. ವಿಶ್ರಾಂತಿ ಪಡೆದು ಚೆನ್ನಾಗಿ ನೀರು ಕುಡಿದರೆ ತಿಳಿಯಾಗುತ್ತದೆ. ತೊಂದರೆ ಹೆಚ್ಚಿದ್ದರೆ ಟ್ಯಾಮ್ಸುಲೋಸಿನ್‌ನಂಥ ಔಷಧಿಯನ್ನು ವೈದ್ಯರು ಕೊಡುತ್ತಾರೆ. ನೋವಿನ ಗುಳಿಗೆಗಳನ್ನು ತಾವಾಗಿ ಕೊಂಡು ನುಂಗಬಾರದು. ಕೆಲವು ಮೂತ್ರಪಿಂಡಕ್ಕೇ ಹಾನಿಕರ.

ಜ್ವರ ಬಂದರೆ

ನೋವು ಸಹಜ, ಆದರೆ ಜ್ವರ ಸಹಜವಲ್ಲ. ರೋಗಾಣುಗಳು ನಳಿಕೆಗೆ ಅಂಟಿ ಪೊರೆ ಕಟ್ಟಿಕೊಳ್ಳುತ್ತವೆ. ಆ ಪೊರೆಯೊಳಕ್ಕೆ ಔಷಧಿ ಸರಿಯಾಗಿ ಇಳಿಯುವುದಿಲ್ಲ. ಸ್ಟೆಂಟ್ ಒಳಗಿದ್ದಷ್ಟು ದಿನವೂ ಅಪಾಯ ಏರುತ್ತದೆ. ಸಕ್ಕರೆ ಕಾಯಿಲೆಯವರಿಗೆ, ಗರ್ಭಿಣಿಯರಿಗೆ ಇನ್ನೂ ಹೆಚ್ಚು. ಚಳಿ ನಡುಕದೊಂದಿಗೆ 101 ಡಿಗ್ರಿ ಜ್ವರ, ವಾಂತಿ, ತಡೆಯಲಾರದ ನೋವು, ಮೂತ್ರದಲ್ಲಿ ರಕ್ತದ ಗಡ್ಡೆ, ಮೂತ್ರ ನಿಂತುಹೋಗುವುದು - ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಸಿದ್ದಾಪುರ ಇಲ್ಲವೆ ಶಿರಸಿಯ ಆಸ್ಪತ್ರೆಗೆ ಹೋಗಿ. ಸೋಂಕು ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಹರಡಬಲ್ಲದು.

ನಮ್ಮ ಕಡೆ ಜ್ವರವೆಂದರೆ ಮಳೆಗಾಲದಲ್ಲಿ ಇಲಿಜ್ವರದ, ಬೇಸಿಗೆಯಲ್ಲಿ ಮಂಗನ ಕಾಯಿಲೆಯ ಯೋಚನೆ ಮೊದಲು ಬರುತ್ತದೆ. ಆದ್ದರಿಂದ 'ನನಗೆ ಸ್ಟೆಂಟ್ ಹಾಕಿದ್ದಾರೆ' ಎಂದು ವೈದ್ಯರಿಗೆ ನೀವೇ ಹೇಳಬೇಕು. ಇನ್ನೊಂದು ಮಾತು: ಸ್ಟೆಂಟ್ ಇದ್ದಾಗ ಸೋಂಕಿಲ್ಲದೆಯೂ ಮೂತ್ರ ಪರೀಕ್ಷೆಯಲ್ಲಿ ಕೀವುಕಣ ಕಾಣಬಹುದು. ಆ ಒಂದೇ ಚೀಟಿ ನೋಡಿ ಅಂಗಡಿಯಿಂದ ಆ್ಯಂಟಿಬಯೋಟಿಕ್ ತರಬೇಡಿ.

ಮರೆತರೆ ಕಷ್ಟ

ಎಲ್ಲಕ್ಕಿಂತ ದೊಡ್ಡ ತಪ್ಪು, ತೆಗೆಸುವುದನ್ನು ಮುಂದೂಡುವುದು. ನೋವು ಕಡಿಮೆಯಾಗಿರುತ್ತದೆ, ಊರು ದೂರ, 'ಅಡಿಕೆ ಕೊಯ್ಲು ಮುಗಿಯಲಿ' ಎನ್ನುತ್ತೇವೆ. ಆದರೆ ಸ್ಟೆಂಟ್ ತಾನಾಗಿ ಕರಗುವುದಿಲ್ಲ. ಬಾಳೆದಿಂಡಿನ ರಸಕ್ಕಾಗಲಿ ಹುರುಳಿ ಕಟ್ಟಿಗಾಗಲಿ ಅದು ಜಗ್ಗದು. ಸಾಮಾನ್ಯವಾಗಿ ಕೆಲವು ದಿನಗಳಿಂದ ಕೆಲವು ವಾರಗಳೊಳಗೆ ಅದನ್ನು ತೆಗೆಯುತ್ತಾರೆ. ತಿಂಗಳುಗಟ್ಟಲೆ ಬಿಟ್ಟರೆ ಅದರ ಮೇಲೆಯೇ ಕಲ್ಲು ಬೆಳೆಯುತ್ತದೆ. ಆಮೇಲೆ ಒಂದಕ್ಕಿಂತ ಹೆಚ್ಚು ಶಸ್ತ್ರಚಿಕಿತ್ಸೆ ಬೇಕಾಗಬಹುದು. ಮೂತ್ರಪಿಂಡವನ್ನೇ ಕಳೆದುಕೊಂಡವರೂ ಇದ್ದಾರೆ.

ಸಕಾಲದಲ್ಲಿ ಹೋದರೆ ತೆಗೆಯುವುದು ಕೆಲವೇ ನಿಮಿಷಗಳ ಕೆಲಸ. ಮೂತ್ರದ್ವಾರದ ಮೂಲಕ ಸಣ್ಣ ದೂರದರ್ಶಕ ನಳಿಕೆ ಇಳಿಸಿ ಎಳೆಯುತ್ತಾರೆ, ಗಾಯವಿಲ್ಲ, ಹೊಲಿಗೆಯಿಲ್ಲ. ಸಾಮಾನ್ಯವಾಗಿ ಅದೇ ದಿನ ಮನೆಗೆ ಮರಳಬಹುದು.

ಆಸ್ಪತ್ರೆಯಿಂದ ಹೊರಡುವ ಮೊದಲೇ ಕೇಳಿ: ಸ್ಟೆಂಟ್ ಇದೆಯೆ? ತೆಗೆಸಲು ಎಂದು ಬರಬೇಕು? ಆ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಮನೆಯ ಇನ್ನೊಬ್ಬರಿಗೂ ತಿಳಿಸಿ. ಕೊಯ್ಲು ನಾಲ್ಕು ದಿನ ತಡೆದೀತು; ಮೂತ್ರಪಿಂಡ ತಡೆಯದು.