ಕಕ್ಷೆಗೆ ಮುನ್ನ ಹೆದ್ದಾರಿ: ಉಪಗ್ರಹಗಳ ನಾಜೂಕು ಪಯಣ

ಬೆಂಗಳೂರು: ನಗರದ ದಕ್ಷಿಣದಲ್ಲಿ, ಕುಮಾರಸ್ವಾಮಿ ಬಡಾವಣೆಯ ಮಗ್ಗುಲಲ್ಲಿ ‘ಇಸ್ರೋ ಬಡಾವಣೆ’ ಎಂಬ ವಿಳಾಸವೇ ಉಂಟು. ಆದರೆ ಉಪಗ್ರಹಗಳು ಉಡಾವಣೆಗೆ ಹೊರಡುವುದು ನಗರದ ಪೂರ್ವ ಭಾಗದಿಂದ. ಹಳೆ ವಿಮಾನ ನಿಲ್ದಾಣ ರಸ್ತೆಯ ಯು.ಆರ್. ರಾವ್ ಉಪಗ್ರಹ ಕೇಂದ್ರ ಹಾಗೂ ಮಾರತ್ತಹಳ್ಳಿ ಸಮೀಪದ ಅದರ ಪರೀಕ್ಷಾ ಘಟಕದಿಂದ. ಅಲ್ಲಿಂದ ಆಂಧ್ರದ ಶ್ರೀಹರಿಕೋಟಾಕ್ಕೆ ಸುಮಾರು 350 ಕಿ.ಮೀ. ಈ ಹಾದಿಯನ್ನು ಉಪಗ್ರಹಗಳು ಸಾಮಾನ್ಯವಾಗಿ ಕ್ರಮಿಸುವುದು ಲಾರಿಯ ಮೇಲೆ!

ರಾಕೆಟ್ಟಿನ ಅಬ್ಬರವನ್ನು ತಾಳಬಲ್ಲ ಯಂತ್ರಕ್ಕೆ ರಸ್ತೆಗುಂಡಿಯ ಭಯವೇಕೆ? ಉಪಗ್ರಹವು ಕಂಪನ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆಯೇ ಹೊರಡುತ್ತದೆ, ನಿಜ. ಆದರೆ ಪರೀಕ್ಷೆಯ ನಂತರ ಬಿದ್ದ ಪೆಟ್ಟು ಗಮನಕ್ಕೆ ಬಾರದೆ ಉಳಿದರೆ, ಕಕ್ಷೆಯಲ್ಲಿ ಅದನ್ನು ದುರಸ್ತಿ ಮಾಡುವವರಿಲ್ಲ. ಬೆಂಗಳೂರಿನ ರಸ್ತೆಗಳನ್ನು ಬಲ್ಲವರಿಗೆ ಈ ಆತಂಕವನ್ನು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದಲೇ ಉಪಗ್ರಹಕ್ಕೆ ವಿಶೇಷ ಪೆಟ್ಟಿಗೆ. ಒಳಗೆ ಧೂಳು, ತೇವಾಂಶಗಳಿಗೆ ಪ್ರವೇಶವಿಲ್ಲ, ತಾಪಮಾನ ನಿಯಂತ್ರಿತ. ಕುಲುಕಾಟವನ್ನು ಹೀರುವ ವ್ಯವಸ್ಥೆಯ ಜತೆಗೆ, ಪ್ರತಿಯೊಂದು ಆಘಾತವನ್ನೂ ದಾಖಲಿಸುವ ಉಪಕರಣವೂ ಇರುತ್ತದೆ. ವಾಹನದ ವೇಗ ಕಡಿಮೆ, ಸುತ್ತ ಬೆಂಗಾವಲು. ಇಂಧನವನ್ನು ತುಂಬುವುದು ಉಡಾವಣಾ ನೆಲೆಯಲ್ಲಿಯೇ. 2013ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಿಂದ ಹೊರಟ ಮಂಗಳಯಾನದ ಉಡಾವಣಾ ತೂಕ 1,337 ಕೆ.ಜಿ.; ಅದರಲ್ಲಿ ಸುಮಾರು 850 ಕೆ.ಜಿ. ಇಂಧನವೇ. ಹೆದ್ದಾರಿಯಲ್ಲಿ ಸಾಗಿದ್ದು ಉಳಿದ ಸುಮಾರು 500 ಕೆ.ಜಿ. ಮಾತ್ರ.

1981ರಲ್ಲಿ ‘ಆಪಲ್’ ಉಪಗ್ರಹ ಎತ್ತಿನ ಗಾಡಿ ಏರಿದ ಚಿತ್ರ ಜಗತ್ಪ್ರಸಿದ್ಧ. ಅದನ್ನು ಬಡ ದೇಶದ ಸಾಗಣೆ ಎಂದು ಭಾವಿಸಿದವರೇ ಹೆಚ್ಚು. ವಾಸ್ತವದಲ್ಲಿ ಅದು ಆಂಟೆನಾ ಪರೀಕ್ಷೆ. ಲೋಹದ ವಾಹನದಿಂದ ಅಡ್ಡಿಯಾಗಬಾರದೆಂದು ಮರದ ಗಾಡಿಯನ್ನು ಬಳಸಲಾಗಿತ್ತು.

ಎಷ್ಟೇ ಜೋಪಾನ ಮಾಡಿದರೂ ಕೆಲವೊಮ್ಮೆ ಹೋದ ದಾರಿಯಲ್ಲಿಯೇ ಮರಳಬೇಕಾಗುತ್ತದೆ. 5,854 ಕೆ.ಜಿ. ತೂಕದ ಜಿಸ್ಯಾಟ್-11 ಉಡಾವಣೆಗೆಂದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾವನ್ನು ತಲುಪಿಯಾಗಿತ್ತು. ಅಷ್ಟರಲ್ಲಿ, 2018ರ ಮಾರ್ಚ್ 29ರಂದು ಹಾರಿದ ಜಿಸ್ಯಾಟ್-6ಎ ಕೆಲವೇ ದಿನಗಳಲ್ಲಿ ಸಂಪರ್ಕ ಕಳೆದುಕೊಂಡಿತು. ಮುನ್ನೆಚ್ಚರಿಕೆಯ ಕ್ರಮವಾಗಿ ಇಸ್ರೋ ಏಪ್ರಿಲ್‌ನಲ್ಲಿ ಜಿಸ್ಯಾಟ್-11ನ್ನು ಮರುತಪಾಸಣೆಗೆ ಬೆಂಗಳೂರಿಗೆ ಕರೆಸಿಕೊಂಡಿತು. ಉಪಗ್ರಹ ಮತ್ತೊಮ್ಮೆ ಸಾಗರ ದಾಟಿ, ಡಿಸೆಂಬರ್ 5ರಂದು ಏರಿಯಾನ್-5 ರಾಕೆಟ್ ಮೂಲಕ ನಭಕ್ಕೆ ಚಿಮ್ಮಿತು.

ಅಮೆರಿಕದ ನಾಸಾ ಜತೆಗೂಡಿ ನಿರ್ಮಿಸಿದ ‘ನಿಸಾರ್’ ಉಪಗ್ರಹದ ಕಥೆಯೂ ಇಂಥದೇ. ಅದರ ರಡಾರ್ ಭಾಗ 2023ರ ಮಾರ್ಚ್‌ನಲ್ಲಿ ಅಮೆರಿಕ ವಾಯುಪಡೆಯ ಸಿ-17 ವಿಮಾನದಲ್ಲಿ ಬೆಂಗಳೂರಿಗೆ ಬಂದಿಳಿಯಿತು. ಬಿಚ್ಚಿದಾಗ 12 ಮೀಟರ್ ಅಗಲವಾಗುವ ಅದರ ಆಂಟೆನಾ ಪ್ರತಿಫಲಕಕ್ಕೆ ಬಿಸಿಲಿನ ತಾಪ ತಡೆಯುವ ವಿಶೇಷ ಲೇಪ ಬೇಕೆಂದು 2024ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ವಾಪಸು ಕಳುಹಿಸಲಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನಗರಕ್ಕೆ ಮರಳಿತು. ಉಪಗ್ರಹ ಶ್ರೀಹರಿಕೋಟಾದಿಂದ ಹಾರಿದ್ದು 2025ರ ಜುಲೈ 30ರಂದು.