ಎರಡು ಪುಟದ ಜಿಗಿತ, ಸಂಪುಟಗಟ್ಟಲೆ ಬುಡಮೇಲು

ಮೆಕ್ಕೆಜೋಳದ 10 ವರ್ಣತಂತುಗಳಲ್ಲಿ ಸುಮಾರು 230 ಕೋಟಿ ಡಿಎನ್‌ಎ ಅಕ್ಷರಗಳಿವೆ. ಪುಟಕ್ಕೆ 2,000 ಅಕ್ಷರ, ಸಂಪುಟಕ್ಕೆ 500 ಪುಟದಂತೆ ಅಚ್ಚು ಹಾಕಿಸಿದರೆ 2,300 ಸಂಪುಟ! ಗಿಡ ಬೆಳೆಸಿ ತೆನೆ ಕಟ್ಟುವ ಜೀನ್‌ಗಳೋ, ಬರೀ ಮೂವತ್ತು ಸಾವಿರದ ಆಸುಪಾಸು. ನೂರಕ್ಕೆ 85 ಪಾಲು, ಅಂದರೆ 1,950ಕ್ಕೂ ಹೆಚ್ಚು ಸಂಪುಟ, ಜಾಗ ಬದಲಿಸುವ ತುಣುಕುಗಳದು ಮತ್ತು ಎಂದೋ ಜಿಗಿದು ಈಗ ಸುಮ್ಮನಾದ ಅವುಗಳ ಅವಶೇಷಗಳದು. ಮನೆಯವರಿಗಿಂತ ಬಂದು ಕೂತವರೇ ಜಾಸ್ತಿ.

ಇವುಗಳಲ್ಲಿ ಎಲ್ಲಕ್ಕಿಂತ ಹೆಸರಾದ 'ಏಸಿ'ಯ ಉದ್ದ 4,565 ಅಕ್ಷರ. ನಮ್ಮ ಲೆಕ್ಕದಲ್ಲಿ ಎರಡೂಕಾಲು ಪುಟ. ಇದರ ಜೋಡಿ 'ಡಿಎಸ್' ತಾನಾಗಿ ಕದಲದು, ಏಸಿ ಜೊತೆಗಿದ್ದರೆ ಮಾತ್ರ ಜಿಗಿಯುತ್ತದೆ. 1940ರ ದಶಕದಲ್ಲಿ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಬಾರ್ಬರಾ ಮೆಕ್‌ಕ್ಲಿಂಟಾಕ್ ಇವನ್ನು ಪತ್ತೆಹಚ್ಚಿದ್ದು ಕಾಳಿನ ಬಣ್ಣದ ಚುಕ್ಕೆಗಳಿಂದ ಮತ್ತು ಸೂಕ್ಷ್ಮದರ್ಶಕದಿಂದ. ಒಂಬತ್ತನೇ ವರ್ಣತಂತು ಮತ್ತೆ ಮತ್ತೆ ಒಂದೇ ಕಡೆ ಮುರಿಯುತ್ತಿತ್ತು. ಆಮೇಲೆ ನೋಡಿದರೆ ಮುರಿಯುವ ಆ ಜಾಗವೇ ಬೇರೆಡೆಗೆ ಹೋಗಿತ್ತು! ಡಿಎನ್‌ಎ ರಚನೆ ತಿಳಿದದ್ದು 1953ರಲ್ಲಿ. ಆಕೆಯ ಪ್ರಬಂಧ 1950ರಲ್ಲೇ ಅಚ್ಚಾಗಿತ್ತು. ನೊಬೆಲ್ ಬಂದದ್ದು 1983ರಲ್ಲಿ, 81ರ ವಯಸ್ಸಿನಲ್ಲಿ. ತಡವಾಯಿತು ಎನ್ನುವುದಕ್ಕೂ ಒಂದು ಮಿತಿ ಬೇಡವೇ?

ಎರಡು ಪುಟ ಜಾಗ ಬದಲಿಸಿದರೆ ಏನು ಮಹಾ ಅನ್ನಿಸಬಹುದು. ಮಹಾ ಆಗುವುದು ಇಂಥ ಎರಡು ತುಣುಕುಗಳು ಹತ್ತಿರ ಹತ್ತಿರ ಇದ್ದಾಗ. ಕತ್ತರಿಸಿ ಅಂಟಿಸುವ ಕಿಣ್ವ ಗುರುತು ಹಿಡಿಯುವುದು ತುಣುಕಿನ ಎರಡು ತುದಿಗಳನ್ನು ಮಾತ್ರ. ಅವು ಒಂದೇ ತುಣುಕಿನವೋ ಅಲ್ಲವೋ ಎಂದು ವಿಚಾರಿಸುವುದಿಲ್ಲ. ಒಂದರ ಎಡತುದಿ, ಇನ್ನೊಂದರ ಬಲತುದಿ ಅದರ ಕೈಗೆ ಸಿಕ್ಕರೆ ವರ್ಣತಂತುವಿನ ದೊಡ್ಡ ಭಾಗವೇ ತಿರುವುಮುರುವಾಗುತ್ತದೆ, ಕಳಚಿಹೋಗುತ್ತದೆ ಅಥವಾ ಇಮ್ಮಡಿಯಾಗುತ್ತದೆ. ಹೊಸ ಜಾಗ ಬೇರೊಂದು ವರ್ಣತಂತುವಿನಲ್ಲಿದ್ದರೆ ಎರಡೂ ತಮ್ಮ ತೋಳುಗಳನ್ನೇ ಅದಲುಬದಲು ಮಾಡಿಕೊಳ್ಳುತ್ತವೆ. ಎರಡೂಕಾಲು ಪುಟದ ತುಣುಕುಗಳು ಸಂಪುಟಗಟ್ಟಲೆ ಬರಹವನ್ನು ಹೊತ್ತೊಯ್ಯುವುದು ಹೀಗೆ. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಥಾಮಸ್ ಪೀಟರ್ಸನ್ ಮತ್ತು ಜಿಯಾನ್‌ಬೊ ಜಾಂಗ್ 2004ರಿಂದೀಚೆಗೆ ಇದನ್ನೇ ಮೆಕ್ಕೆಜೋಳದಲ್ಲಿ ಬಿಡಿಸಿ ತೋರಿಸಿದ್ದಾರೆ. ಕಾಳಿಗೆ ಕೆಂಪು ಬಣ್ಣ ಕೊಡುವ ಜೀನಿನ ಬಳಿಯೇ ಏಸಿ ತುಣುಕುಗಳಿರುವ ಗಿಡಗಳನ್ನು ಅವರು ಆರಿಸಿಕೊಂಡರು. ಬಣ್ಣ ಕೆಟ್ಟ ಕಾಳು ಕಂಡರೆ ಒಳಗೆ ಏನೋ ಕದಲಿದೆ ಎಂದೇ ಅರ್ಥ.

ಟೊಮೆಟೊದಲ್ಲಿ ಇಂಥದ್ದು ಯಾರ ಅಪ್ಪಣೆಗೂ ಕಾಯದೆ ನಡೆದುಹೋಗಿದೆ. 'ರೈಡರ್' ಎಂಬ ಜಿಗಿಯುವ ತುಣುಕು ತನ್ನ ನಕಲು ಮಾಡಿಕೊಳ್ಳುವಾಗ ಪಕ್ಕದ ಬರಹವನ್ನೂ ಸೇರಿಸಿಕೊಂಡು, ಒಟ್ಟು 24,700 ಅಕ್ಷರಗಳನ್ನು ಹತ್ತನೇ ವರ್ಣತಂತುವಿನಿಂದ ಏಳನೆಯದಕ್ಕೆ ತಂದು ಕೂರಿಸಿತು. ಹನ್ನೆರಡು ಪುಟ ಅಷ್ಟೇ. ಜೊತೆಗೆ ಬಂದ 'ಸನ್' ಜೀನ್ ಹೊಸ ನೆರೆಹೊರೆಯಲ್ಲಿ ಜೋರಾಗಿ ಕೆಲಸ ಮಾಡತೊಡಗಿ, ಗುಂಡಗಿನ ಹಣ್ಣು ಉದ್ದವಾಯಿತು. ಹಾಗೆಂದು ಆಕಾರ ಬದಲಾದ ಟೊಮೆಟೊಗಳೆಲ್ಲ ಇದರ ಕೂಸುಗಳಲ್ಲ. ಪೇರ್ ಹಣ್ಣಿನಂತೆ ಮೇಲ್ಭಾಗ ಕಿರಿದಾದ ತಳಿಗಳಲ್ಲಿ ಬೇರೊಂದು ಜೀನ್ ಕೆಟ್ಟಿದೆ. ಅಲ್ಲಿ ಸುಮಾರು 90 ಕೋಟಿ ಅಕ್ಷರಗಳ ಪೈಕಿ ಬದಲಾದದ್ದು ಒಂದು.